ಲೆನ್ಸಿನ ಜೊತೆಗೇ ಬೆಳಕನ್ನೂ ಆರಿಸಿ

ಹಿತ್ತಲಿನ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಯ ಉದ್ದ ಹೆಚ್ಚೆಂದರೆ ಒಂದು ಸೆಂಟಿಮೀಟರು. ಅದರ ಕಣ್ಣು, ಮೀಸೆ, ದವಡೆಗಳನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆ ಹುಟ್ಟಿದವರು ಮೊದಲು ಓಡುವುದು ಲೆನ್ಸಿನ ಅಂಗಡಿಗೆ. ಕೈಯಲ್ಲಿದ್ದ ಹಣವೆಲ್ಲ ಅಲ್ಲೇ ಮುಗಿಯುತ್ತದೆ. ಮನೆಗೆ ಬಂದು ಕ್ಲಿಕ್ಕಿಸಿದರೆ ಚಿತ್ರ ಮಸುಕು, ಇಲ್ಲವೇ ಕತ್ತಲು. ದೋಷ ಲೆನ್ಸಿನದಲ್ಲ. ಮ್ಯಾಕ್ರೊ ಛಾಯಾಗ್ರಹಣದಲ್ಲಿ ಲೆನ್ಸು ಮತ್ತು ಫ್ಲ್ಯಾಷ್ ಜೋಡೆತ್ತುಗಳು. ಒಂದನ್ನೇ ಕೊಂಡರೆ ಗಾಡಿ ಹೊರಡುವುದಿಲ್ಲ.

ಲೆನ್ಸಿನ ಮೇಲೆ ‘ಮ್ಯಾಕ್ರೊ’ ಎಂದು ಬರೆದ ಮಾತ್ರಕ್ಕೆ ಅದು ಮ್ಯಾಕ್ರೊ ಆಗದು. ಹಾಗೆ ಬರೆದಿರುವ ಅನೇಕ ಜೂಮ್ ಲೆನ್ಸುಗಳು ವಸ್ತುವನ್ನು ಅದರ ಗಾತ್ರದ ಮೂರನೇ ಅಥವಾ ನಾಲ್ಕನೇ ಒಂದು ಪಾಲಿನಷ್ಟೇ ಸೆನ್ಸರಿನ ಮೇಲೆ ಮೂಡಿಸುತ್ತವೆ. ನಿಜವಾದ ಮ್ಯಾಕ್ರೊ ಲೆನ್ಸಿನ ಅನುಪಾತ 1:1. ಅಂದರೆ ಒಂದು ಸೆಂಟಿಮೀಟರಿನ ಇರುವೆ ಸೆನ್ಸರಿನ ಮೇಲೂ ಒಂದು ಸೆಂಟಿಮೀಟರೇ. 36 ಮಿ.ಮೀ. ಅಗಲದ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಅದು ಕಾಲು ಭಾಗಕ್ಕಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ.

ಈ ಲೆನ್ಸುಗಳಲ್ಲಿ ಮುಖ್ಯವಾಗಿ ಮೂರು ವರ್ಗ: 50-60, 90-105 ಮತ್ತು 150-180 ಮಿ.ಮೀ. 1:1ರಲ್ಲಿ ಮೂರೂ ಇರುವೆಯನ್ನು ಒಂದೇ ಗಾತ್ರದಲ್ಲಿ ತೋರಿಸುತ್ತವೆ. ವ್ಯತ್ಯಾಸ ಇರುವುದು ದೂರದಲ್ಲಿ. 60ರ ಲೆನ್ಸಿನ ತುದಿ ಇರುವೆಗೆ 10 ಸೆಂ.ಮೀ.ನೊಳಗೆ ಹೋಗಬೇಕು. ಲೆನ್ಸಿನ ನೆರಳು ಬೀಳುತ್ತದೆ, ಹುಳು ಹಾರುತ್ತದೆ, ಚಗಳಿಯಾದರೆ ಕೈಗೇ ಹತ್ತುತ್ತದೆ. 180ರ ಲೆನ್ಸು ಗೇಣಿಗೂ ಮಿಕ್ಕಿ ದೂರ ಕೊಡುತ್ತದೆ. ಆದರೆ ಅದು ಭಾರ, ದುಬಾರಿ. ಕ್ಯಾಮೆರಾದ ಮೇಲಿನ ಫ್ಲ್ಯಾಷ್ ಕೂಡ ಹುಳುವಿನಿಂದ ದೂರವಾಗುತ್ತದೆ. ಸಾಮಾನ್ಯವಾಗಿ 13-15 ಸೆಂ.ಮೀ. ಅಂತರ ಕೊಡುವ 100ರ ಆಸುಪಾಸಿನ ಲೆನ್ಸೇ ಹೊಸಬರಿಗೆ ಹದ.

ಇನ್ನು ಬೆಳಕು. 1:1ರಲ್ಲಿ ಎಫ್/11 ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳ ಒಂದೂಕಾಲು ಮಿ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಹಿಂಗಾಲು ಮಸುಕು. ಜೊತೆಗೆ, ಇಷ್ಟು ಹತ್ತಿರದಲ್ಲಿ ಸೆನ್ಸರಿಗೆ ತಲುಪುವ ಬೆಳಕು ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮರದ ನೆರಳಿನಲ್ಲಿ, ಕೈಯಲ್ಲೇ ಕ್ಯಾಮೆರಾ ಹಿಡಿದು ಇದನ್ನು ಗೆಲ್ಲುವುದು ಕಷ್ಟ. ಫ್ಲ್ಯಾಷ್ ಬೇಕಾಗುವುದು ಇಲ್ಲಿಯೇ. ಕಡಿಮೆ ಶಕ್ತಿಯಲ್ಲಿ ಅದು ಬೆಳಗುವುದು ಸೆಕೆಂಡಿನ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಹೊತ್ತು. ಗಾಳಿಗೆ ಅಲುಗುವ ಎಲೆಯೂ ನಡುಗುವ ಕೈಯೂ ಅಷ್ಟರಲ್ಲಿ ನಿಂತಂತೆಯೇ.

ಲೆನ್ಸಿನ ಸುತ್ತ ಕೂರುವ ರಿಂಗ್ ಫ್ಲ್ಯಾಷ್ ದಂತವೈದ್ಯರಿಗೆ ಒಳ್ಳೆಯದು. ನೆರಳೇ ಬೀಳದಂತೆ ಬೆಳಗುವ ಅದು ಹುಳುವಿನ ಮೈಯ ಉಬ್ಬುತಗ್ಗುಗಳನ್ನೂ ಮರೆಸುತ್ತದೆ. ಶಕ್ತಿಯನ್ನು ಕೈಯಿಂದಲೇ 1/64ರವರೆಗೆ ಇಳಿಸಬಹುದಾದ ಸಾದಾ ಫ್ಲ್ಯಾಷ್ ಸಾಕು. ಅದರ ಮುಂದೆ ಬಟರ್ ಪೇಪರನ್ನೋ ತೆಳು ಬಿಳಿ ಪ್ಲಾಸ್ಟಿಕ್ಕನ್ನೋ ಅಗಲವಾಗಿ ಬಾಗಿಸಿ, ಲೆನ್ಸಿನ ತುದಿಯವರೆಗೆ ಚಾಚಿದರೆ ಬೆಳಕು ಮೃದುವಾಗುತ್ತದೆ. ಹೊಳೆಯುವ ಬೆನ್ನಿನ ಮೇಲೆ ಬಿಳಿ ಚುಕ್ಕೆ ಸಿಡಿಯದು. ಮೊದಲ ಪ್ರಯತ್ನಕ್ಕೆ ಎಫ್/11, ಷಟರ್ 1/160, ಐಎಸ್ಒ 200, ಫ್ಲ್ಯಾಷ್ 1/16 ಸರಿ. ಚಿತ್ರ ನೋಡಿ ಫ್ಲ್ಯಾಷಿನ ಶಕ್ತಿಯನ್ನಷ್ಟೇ ಹೆಚ್ಚುಕಡಿಮೆ ಮಾಡಬೇಕು. ಹಿನ್ನೆಲೆ ಕಪ್ಪಾದರೆ ಹುಳುವಿನ ಹಿಂದೆ ಸಮೀಪದಲ್ಲೇ ಎಲೆಯೊಂದು ಬರುವ ಕೋನ ಹುಡುಕಬೇಕು.

ಹಣ ಕಡಿಮೆಯಿದ್ದವರು ಮೊದಲು ಫ್ಲ್ಯಾಷ್ ಕೊಳ್ಳುವುದೇ ಜಾಣತನ. ಮನೆಯಲ್ಲಿರುವ 50 ಮಿ.ಮೀ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 25 ಮಿ.ಮೀ. ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಿದರೆ 1:2 ಅನುಪಾತ ಸಿಗುತ್ತದೆ. ಚಿಟ್ಟೆಗೆ ಅಷ್ಟು ಧಾರಾಳ.

ಸಲಕರಣೆ ಸಾಲದೆಂದು ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರು, ಅಂಟು ಹಚ್ಚಿ ಕೂರಿಸುವವರು ಇದ್ದಾರೆ. ಚಿತ್ರ ಚೆನ್ನಾಗಿ ಬರಬಹುದು, ಜೀವ ಉಳಿಯುವ ಭರವಸೆಯಿಲ್ಲ. ಅದರ ಅಗತ್ಯವೂ ಇಲ್ಲ. ಬೆಳಗಿನ ಚಳಿಯಲ್ಲಿ ಮೈ ಬಿಸಿಯಾಗುವವರೆಗೆ ಏರೋಪ್ಲೇನ್ ಚಿಟ್ಟೆ ಇಬ್ಬನಿ ಹೊತ್ತು ಹುಲ್ಲಿನ ಮೇಲೆ ತಾನಾಗಿಯೇ ಕುಳಿತಿರುತ್ತದೆ. ಬಿಸಿಲೇರುವ ಮುನ್ನ ಹಿತ್ತಲಿಗೆ ಹೋಗಿ ಮೆಲ್ಲಗೆ ಮಂಡಿಯೂರಿದವರಿಗೆ ಚಿತ್ರ ಸಿಗುತ್ತದೆ. ಸೂರ್ಯ ಮೇಲೆ ಬಂದೊಡನೆ ಅದು ಎಂದಿನಂತೆ ಹಾರಿಯೂ ಹೋಗುತ್ತದೆ.