ಬೇಲಿಯ ಒಳಗೆ, ಗಡಿಯ ಹೊರಗೆ

ಮೈಸೂರಿನ ಸಿದ್ಧಾರ್ಥನಗರಕ್ಕೆ ಸಮೀಪದಲ್ಲೇ, ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ, ರೇಸ್ ಕೋರ್ಸು ಇದೆ. ಓಟದ ದಿನ ಅಲ್ಲಿ ಕುದುರೆಯ ಮೇಲೆ ಹಣ ಕಟ್ಟಿದವನು ನಿಶ್ಚಿಂತನಾಗಿ ಮನೆಗೆ ಮರಳುತ್ತಾನೆ. ಅದೇ ಹಣವನ್ನು ಬಡಾವಣೆಯ ತಿರುವಿನಲ್ಲಿ ನಿಂತು ಕ್ರಿಕೆಟ್ ಪಂದ್ಯದ ಮೇಲೆ ಕಟ್ಟಿದವನು ಪೊಲೀಸ್ ಠಾಣೆಯ ಮೆಟ್ಟಲು ಹತ್ತಬೇಕಾದೀತು. ಏಕೆಂದರೆ 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಜೂಜನ್ನು ನಿಷೇಧಿಸುವಾಗ, ಪರವಾನಗಿ ಪಡೆದ ಮೈದಾನದ ಗೊತ್ತಾದ ಆವರಣದೊಳಗೆ, ಓಟದ ದಿನವೇ ಕುದುರೆಯ ಮೇಲೆ ಕಟ್ಟುವ ಬಾಜಿಗೆ ವಿನಾಯಿತಿಯಿತ್ತಿದೆ. ಬೇಲಿಯೊಳಗೆ ವಿನೋದ; ಬೇಲಿಯಾಚೆ ಅಪರಾಧ.

ಸಂವಿಧಾನವು ಪಣ ಮತ್ತು ಜೂಜುಗಳನ್ನು ರಾಜ್ಯಗಳ ಪಟ್ಟಿಗೆ ಸೇರಿಸಿದುದರಿಂದ ಗಡಿ ದಾಟಿದಂತೆ ನೀತಿಯೂ ಬದಲಾಗುತ್ತದೆ. ಗೋವೆಯಲ್ಲಿ ಕ್ಯಾಸಿನೋಗಳಿಗೆ ಅನುಮತಿಯುಂಟು. ಕೇರಳ ಸರ್ಕಾರವು 1967ರಿಂದ ತಾನೇ ಲಾಟರಿ ನಡೆಸುತ್ತಿದೆ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ತೆಲಂಗಾಣವು 2017ರಲ್ಲಿ, ಕೌಶಲದ ಆಟಗಳಿಗಿದ್ದ ರಿಯಾಯಿತಿಯನ್ನೂ ತನ್ನ ಕಾಯಿದೆಯಿಂದ ಕಿತ್ತುಹಾಕಿತು. ತಮಿಳುನಾಡು 1974ರಲ್ಲಿಯೇ ಕುದುರೆಯ ಬಾಜಿಯನ್ನು ಅಳಿಸಲು ಕಾಯಿದೆ ಮಾಡಿತ್ತು. ಆ ವ್ಯಾಜ್ಯದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು.

ಆದರೆ ಕೌಶಲ ಯಾರದು? ಮಹಾಭಾರತದ ನಳನು ಕುದುರೆಯ ಮರ್ಮವನ್ನು ಬಲ್ಲವನು. ದಾಳದ ಮರ್ಮವನ್ನು ಅರಿಯದೆ ರಾಜ್ಯವನ್ನೇ ಸೋತನು. ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತ ಮೇಲೆ ಅದೇ ಆಟದಲ್ಲಿ ಸೋತದ್ದನ್ನು ಮರಳಿ ಗೆದ್ದನು. ಬಲ್ಲವನಿಗೆ ವಿದ್ಯೆಯಾದದ್ದು ಅರಿಯದವನಿಗೆ ಬರಿಯ ದೈವ. ಕುದುರೆಯ ವಂಶವನ್ನಾಗಲಿ, ಸವಾರನ ಪಳಗಿದ ಕೈಯನ್ನಾಗಲಿ, ನೆಲದ ಹದವನ್ನಾಗಲಿ ತಿಳಿಯದೆ ಸಂಬಳದ ದಿನ ಟಿಕೆಟ್ಟು ಕೊಳ್ಳುವ ಗುಮಾಸ್ತನಿಗೆ ನ್ಯಾಯಾಲಯ ಕಂಡ ಕೌಶಲ ಒದಗಿ ಬರುವುದಿಲ್ಲ.

ಕೈಯೊಳಗಿನ ಫೋನು ಬೇಲಿಯನ್ನೂ ಗಡಿಯನ್ನೂ ಒಟ್ಟಿಗೇ ಅಳಿಸಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕರ್ನಾಟಕವು 2021ರಲ್ಲಿ ನಿಷೇಧಿಸಿದಾಗ, ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಗೊಳಿಸಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲ–ಅದೃಷ್ಟಗಳ ಭೇದವನ್ನು ಬದಿಗೊತ್ತಿ, ಇಂಥ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೂ ಮೈದಾನದ ಬೇಲಿ ಹಾಗೆಯೇ ಉಳಿದಿದೆ.

ಕಾಯಿದೆಗಳು ಆಟದ ಹೆಸರನ್ನೂ ಸ್ಥಳವನ್ನೂ ವಿಚಾರಿಸುತ್ತವೆ. ತಿಂಗಳ ಲೆಕ್ಕ ಬರೆಯಲು ಕುಳಿತ ಗೃಹಿಣಿ ಅವೆರಡನ್ನೂ ಕೇಳುವುದಿಲ್ಲ. ಹಾಲಿನ ಬಾಕಿಗೂ ಮಗಳ ಶಾಲೆಯ ಶುಲ್ಕಕ್ಕೂ ತೆಗೆದಿರಿಸಿದ ಹಣ ಎಲ್ಲಿ ಎಂಬ ಒಂದೇ ಪ್ರಶ್ನೆ ಅವಳದು. ಅದಕ್ಕೆ ಕರ್ನಾಟಕದಲ್ಲಿಯೂ ಕೇರಳದಲ್ಲಿಯೂ ಗೋವೆಯಲ್ಲಿಯೂ ಉತ್ತರ ಒಂದೇ.