ಚೇಳಿನ ಮೇಲಣ ಅಪವಾದ

ಚೇಳಿನ ಮರಿಗಳು ತಾಯಿಯ ಬೆನ್ನನ್ನು ತಿಂದು ಬೆಳೆಯುವುವೆಂದು ನಮ್ಮ ಹಿರಿಯರು ಹೇಳುವುದುಂಟು. ನಾನೂ ಬಹುಕಾಲ ಶಾಲೆಯ ಮಕ್ಕಳಿಗೆ ಹಾಗೆಯೇ ಹೇಳಿದೆನು. ಪ್ರಿಯ ವಾಚಕರೇ, ಅದು ಸುಳ್ಳು. ಅಮೆರಿಕದ ಸೊನೋರಾ ಮರುಭೂಮಿಯಲ್ಲಿ ಮೈಮೇಲೆ ರೋಮಗಳುಳ್ಳ ದೊಡ್ಡ ಚೇಳೊಂದುಂಟು. ಅದು ತತ್ತಿಯಿಡದೆ ಮರಿಗಳನ್ನೇ ಹೆರುತ್ತದೆ. ಬೆಳ್ಳಗೆ ಮೃದುವಾಗಿರುವ ಆ ಮರಿಗಳು ತಾಯಿಯ ಬೆನ್ನೇರಿ, ಮೊದಲ ಪೊರೆಯನ್ನು ಕಳಚುವವರೆಗೆ ಅಲ್ಲಿಯೇ ಇರುತ್ತವೆ. ಆಗ ಅವುಗಳಿಗೆ ಆಹಾರವು ಹುಟ್ಟುವಾಗಲೇ ತಮ್ಮ ಒಡಲಲ್ಲಿ ತಂದ ಸಾರವೇ ಹೊರತು ತಾಯಿಯ ಮಾಂಸವಲ್ಲ.

ಆ ಮಾತು ಸಲ್ಲುವುದು ಚೇಳಿನ ಜ್ಞಾತಿಯಾದ, ಅದರಂತೆಯೇ 8 ಕಾಲುಗಳುಳ್ಳ ಒಂದು ಜೇಡಕ್ಕೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿರುವ ಇದರ ಹೆಸರು ಸ್ಟೆಗೋಡಿಫಸ್ ಲಿನಿಯೇಟಸ್. ತಾಯಿಯು ತತ್ತಿಗಳ ಚೀಲವನ್ನು ತಾನೇ ಹರಿದು ಮರಿಗಳನ್ನು ಹೊರತರುತ್ತದೆ. ಸುಮಾರು 2 ವಾರ ತನ್ನ ಹೊಟ್ಟೆಯ ರಸವನ್ನು ಬಾಯಿಂದ ಉಣಿಸುತ್ತದೆ. ಅಷ್ಟರಲ್ಲಿ ಅದರ ಒಡಲು ಒಳಗೊಳಗೇ ಕರಗುತ್ತಿರುತ್ತದೆ. ಕಡೆಗೆ ಮರಿಗಳು ಮೈಮೇಲೇರಿ ತಾಯಿಯನ್ನೇ ಹೀರುತ್ತವೆ, ಅದು ಓಡಿಹೋಗದು.

ಇದನ್ನು ಕೃತಘ್ನತೆಯೆನ್ನಲು ನನಗೆ ಮನಸ್ಸು ಬಾರದು. ಎಲ್ಲರಿಗೂ ಬಡಿಸಿ, ಪಾತ್ರೆಯಲ್ಲಿ ಏನುಳಿಯಿತೆಂದು ಕಡೆಗೆ ನೋಡುವ ತಾಯಂದಿರು ನಮ್ಮ ಮನೆಗಳಲ್ಲಿಯೂ ಇರುವರು. ಅವರು ಉಂಡರೋ ಇಲ್ಲವೋ ಎಂದು ಕೇಳುವ ಬುದ್ಧಿಯು ಜೇಡದ ಮರಿಗಿಲ್ಲ; ನಮಗುಂಟು.