ಬಾಗಿಲು ಚಿಕ್ಕದಾದ ಸಮುದ್ರ

ಮಕ್ಕಳೇ, 'ಕೊಳೆಯನ್ನು ಹೊಳೆಗೆ ಬಿಟ್ಟರೇನಂತೆ, ಸಮುದ್ರ ಎಲ್ಲವನ್ನೂ ಅರಗಿಸಿಕೊಳ್ಳುತ್ತದೆ' ಎಂದು ಕೆಲವರು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಏಕೆಂದು ತಿಳಿಯಬೇಕೆ? ಭೂಪಟದಲ್ಲಿ ಕಪ್ಪು ಸಮುದ್ರವನ್ನು ಹುಡುಕಿರಿ.

ಸುತ್ತಲೂ ನೆಲವಿರುವ ಈ ಸಮುದ್ರದ ನೀರು ಮೆಡಿಟರೇನಿಯನ್ ಕಡೆಗೆ ಹೋಗಲು ಇರುವ ಬಾಗಿಲು ಬಾಸ್ಫರಸ್ ಜಲಸಂಧಿ. ತೀರಾ ಇಕ್ಕಟ್ಟಾದ ಕಡೆ ಅದರ ಅಗಲ ಸುಮಾರು 700 ಮೀಟರ್ ಮಾತ್ರ. ಡ್ಯಾನ್ಯೂಬ್, ನೀಪರ್ ಮುಂತಾದ ನದಿಗಳು ಕಪ್ಪು ಸಮುದ್ರಕ್ಕೆ ಸಿಹಿನೀರನ್ನು ತಂದು ಸುರಿಯುತ್ತವೆ. ಆದ್ದರಿಂದ ಅದರ ಮೇಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 18 ಗ್ರಾಂ ಉಪ್ಪಿದೆ. ಮೆಡಿಟರೇನಿಯನ್ ನೀರಿನಲ್ಲಿ ಸುಮಾರು 38 ಗ್ರಾಂ ಇರುತ್ತದೆ. ಉಪ್ಪು ಕಡಿಮೆಯಿರುವ ಹಗುರ ನೀರು ಜಲಸಂಧಿಯ ಮೇಲ್ಭಾಗದಲ್ಲಿ ಹೊರಗೆ ಹರಿಯುತ್ತದೆ. ಉಪ್ಪು ಹೆಚ್ಚಿರುವ ಭಾರದ ನೀರು ತಳದಲ್ಲಿ ಒಳಗೆ ಬರುತ್ತದೆ. ಇಟಲಿಯ ಮಾರ್ಸಿಲಿ ಎಂಬಾತ ಬಿಳಿ ಬಣ್ಣ ಬಳಿದ ಬೆಂಡುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು, ಈ ಎರಡು ಪ್ರವಾಹಗಳನ್ನು ಕಂಡುಕೊಂಡು 1681ರಲ್ಲಿ ಪ್ರಕಟಿಸಿದ.

ಒಳಗೆ ಬಂದ ಭಾರದ ನೀರು ಆಳಕ್ಕೆ ಇಳಿಯುತ್ತದೆ. ಮೇಲಿನ ಹಗುರ ನೀರು ಅದರ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಹೀಗಾಗಿ ಸುಮಾರು 150ರಿಂದ 200 ಮೀಟರ್ ಆಳದ ಕೆಳಗೆ ಆಮ್ಲಜನಕವೇ ಇಲ್ಲ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿದೆ, ಮೀನು ಬದುಕಲಾರದು. ಆಳದ ನೀರು ಬದಲಾಗಲು ನೂರಾರು ವರ್ಷಗಳು ಬೇಕು.

ಇದು ನಿಸರ್ಗವೇ ಮಾಡಿದ್ದು, ಮನುಷ್ಯನ ತಪ್ಪಲ್ಲ. ಆದರೆ ಮೀನುಗಳಿಗೆ ಉಳಿದಿರುವುದು ಮೇಲಿನ ತೆಳುವಾದ ಪದರ ಮಾತ್ರ. ಮನುಷ್ಯ ಅದನ್ನೂ ಕೆಡಿಸಿದ. 1970 ಮತ್ತು 1980ರ ದಶಕಗಳಲ್ಲಿ ಹೊಲಗಳ ರಸಗೊಬ್ಬರ ಮತ್ತು ಊರುಗಳ ಕೊಳಚೆ ನದಿಗಳ ಮೂಲಕ ಬಂದು ಸೇರಿದವು. ಪಾಚಿ ವಿಪರೀತ ಬೆಳೆದು, ಸತ್ತು ಕೊಳೆಯಿತು. ವಾಯವ್ಯ ಕರಾವಳಿಯ ಆಳವಿಲ್ಲದ ನೀರಿನಲ್ಲೂ ಆಮ್ಲಜನಕ ಮುಗಿದು ಅಪಾರ ಜಲಚರಗಳು ಸತ್ತವು. 1990ರ ನಂತರ ಗೊಬ್ಬರದ ಬಳಕೆ ತಗ್ಗಿದಾಗ ಅಲ್ಲಿನ ನೀರು ತುಸು ಚೇತರಿಸಿಕೊಂಡಿತು. 1992ರಲ್ಲಿ ಸುತ್ತಲಿನ ಆರು ದೇಶಗಳು ಈ ಸಮುದ್ರವನ್ನು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿದವು.

ಸಮುದ್ರಕ್ಕೂ ಅರಗಿಸಿಕೊಳ್ಳುವ ಮಿತಿಯಿದೆ. ಬಾಗಿಲು ಚಿಕ್ಕದಾದಷ್ಟೂ ಆ ಮಿತಿಯೂ ಚಿಕ್ಕದು. ದಡದ ಆರು ದೇಶಗಳು ಒಪ್ಪಿದರೆ ಸಾಲದು, ದೂರದಲ್ಲಿ ನದಿಯ ದಂಡೆಯಲ್ಲಿ ಇರುವವರೂ ಎಚ್ಚರ ವಹಿಸಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮೂರಿನ ಕೆರೆಯೂ ಸುತ್ತ ದಂಡೆಯಿರುವ ನೀರೇ ತಾನೆ? ಅದಕ್ಕೆ ಏನೇನು ಬಂದು ಸೇರುತ್ತಿದೆ ಎಂದು ನಾಳೆಯೇ ಹೋಗಿ ನೋಡಿರಿ.